ಇಂಟೆಗ್ರಿನ್ ಕಂಡಿಲ್ಲವೆಂಬ ವರದಿ ಬಂದರೆ ಗರ್ಭ ನಿಲ್ಲುವುದೇ ಇಲ್ಲವೆ?

ತುಂಗೆಯ ದಡ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ, ಊರು ಶಿವಮೊಗ್ಗ. ಐವಿಎಫ್ ಮಾಡಿಸಿಕೊಂಡು ಎರಡು ಸಲ ಭ್ರೂಣವನ್ನು ಒಳಗಿಟ್ಟರೂ ಗರ್ಭ ನಿಲ್ಲಲಿಲ್ಲ. ಎರಡೂ ಸಲ ಶೈತ್ಯದಲ್ಲಿ ಕಾಪಿಟ್ಟಿದ್ದ ಐದನೆಯ ದಿನದ ಭ್ರೂಣಗಳಾದ ಬ್ಲಾಸ್ಟೋಸಿಸ್ಟ್‌ಗಳನ್ನೇ ಇಟ್ಟಿದ್ದರು, ಎರಡೂ ಸಲ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರದ ದಪ್ಪ 9 ಮಿಲಿಮೀಟರ್ ಇತ್ತು, ಎರಡೂ ಸಲ ಗರ್ಭ ನಿಂತಿದೆಯೇ ಎಂದು ನೋಡುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮೂರನೆಯ ಪ್ರಯತ್ನಕ್ಕೆ ಮೊದಲು ಒಳಪದರದ ಸಣ್ಣ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ 'ಆಲ್ಫಾ-ವಿ ಬೀಟಾ-3 ಇಂಟೆಗ್ರಿನ್ ಕಂಡುಬಂದಿಲ್ಲ' ಎಂಬ ಒಂದು ಸಾಲಿದೆ. ಕೊಟ್ಟವರು 'ನಿಮ್ಮ ಒಳಪದರಕ್ಕೆ ಅಂಟುವ ಗುಣವಿಲ್ಲ' ಎಂದಷ್ಟೇ ಹೇಳಿ ಮುಂದಿನವರ ಹೆಸರು ಕರೆದರು. ಬಸ್ಸಿನಲ್ಲಿ ವಾಪಸು ಬರುವಾಗ ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ನಮ್ಮ ಅತ್ತೆಯವರು, ನಾನು ಮೆಟ್ಟಿಲು ಹತ್ತಿಳಿದದ್ದರಿಂದಲೇ ಭ್ರೂಣ ಜಾರಿ ಹೋಗಿರಬೇಕೆಂದು ಕೊರಗುತ್ತಾರೆ. ಅವರದು ದೂರಲ್ಲ, ಅವರಿಗೂ ಸಂಕಟವಿದೆ. ಈ ಇಂಟೆಗ್ರಿನ್ ಎಂದರೇನು, ಅದು ಇಲ್ಲದಿದ್ದರೆ ಭ್ರೂಣ ನಿಜಕ್ಕೂ ಅಂಟುವುದಿಲ್ಲವೆ, ಅದಕ್ಕೆ ಚಿಕಿತ್ಸೆ ಉಂಟೆ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ನಾನು ಬಿ.ಎಸ್ಸಿ. ಓದಿದವಳು, ಸ್ವಲ್ಪ ವಿವರವಾಗಿಯೇ ಬರೆದರೂ ಅರ್ಥಮಾಡಿಕೊಳ್ಳಬಲ್ಲೆ.

ಸೂಕ್ಷ್ಮದರ್ಶಿ ಬರೆದಿದ್ದಾರೆ:

ತುಂಗೆಯ ದಡ ಅವರೆ, ಆ ಒಂದು ಸಾಲಿನಿಂದ 'ಅಂಟುವ ಗುಣವಿಲ್ಲ' ಎಂಬ ತೀರ್ಮಾನಕ್ಕೆ ಬರಲು ಸಾಧ್ಯವಿಲ್ಲ. ಏಕೆ ಸಾಧ್ಯವಿಲ್ಲ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ನಾನು ಪ್ರಾಣಿಶಾಸ್ತ್ರ ಕಲಿಸುವವಳು. ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ ಗರ್ಭಕೋಶದ ತೆಳು ಸೀಳುಗಳಿಗೆ ಬಣ್ಣ ಕಟ್ಟಿ ನೋಡುವುದೇ ನನ್ನ ಕೆಲಸವಾಗಿತ್ತು. ವೈದ್ಯಳಲ್ಲ, ಆದ್ದರಿಂದ ಚಿಕಿತ್ಸೆಯ ವಿಷಯವನ್ನು ನಿಮ್ಮ ವೈದ್ಯರಿಗೇ ಬಿಡುತ್ತೇನೆ.

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ಬಾಯಿ, ಕರುಳು, ಮೂತ್ರಕೋಶ ಹೀಗೆ ದೇಹದಲ್ಲಿ ಪೊಳ್ಳಿಗೆ ಮುಖಮಾಡಿ ಕುಳಿತ ಕೋಶಗಳ ಪದರ ಎಲ್ಲಿದ್ದರೂ ಅದರ ತಳಭಾಗ ಅಂಟುತ್ತದೆ, ಮೇಲ್ಭಾಗ ಅಂಟುವುದಿಲ್ಲ. ಕರುಳಿನ ಮಡಿಕೆಗಳು ದಿನವಿಡೀ ಒಂದಕ್ಕೊಂದು ಉಜ್ಜಿಕೊಂಡರೂ ಬೆಸೆದುಹೋಗದಿರುವುದು ಇದರಿಂದಲೇ. ಗರ್ಭಕೋಶದ ಒಳಮೈ ಇಂಥದೇ ಪದರ, ಭ್ರೂಣದ ಹೊರಮೈಯೂ ಇಂಥದೇ ಪದರ. ಅಂಟಬಾರದೆಂದೇ ರೂಪುಗೊಂಡ ಎರಡು ಮುಖಗಳು ಎದುರುಬದುರು ಬಂದು ಅಂಟಿಕೊಂಡಾಗ ಮಾತ್ರ ಗರ್ಭ ಕಟ್ಟುತ್ತದೆ. ಜರ್ಮನಿಯ ಹಾನ್ಸ್-ವೆರ್ನರ್ ಡೆಂಕರ್ 1993ರಲ್ಲಿ ಇದನ್ನು ಕೋಶವಿಜ್ಞಾನದ ವಿರೋಧಾಭಾಸ ಎಂದೇ ಕರೆದರು. ಹಾಗಾಗಿ ತಿಂಗಳ ಬಹುಪಾಲು ದಿನಗಳಲ್ಲಿ ಯಾವ ಹೆಂಗಸಿನ ಒಳಪದರಕ್ಕೂ ಭ್ರೂಣ ಅಂಟುವುದಿಲ್ಲ. ಅಂಡ ಬಿಡುಗಡೆಯಾದ ಸುಮಾರು ಆರನೆಯ ದಿನದಿಂದ ಹತ್ತನೆಯ ದಿನದವರೆಗೆ ಮಾತ್ರ ಅದು ಒಪ್ಪಿಕೊಳ್ಳುತ್ತದೆ. ಈ ಅವಧಿಯನ್ನು ನಾಟುವಿಕೆಯ ಕಿಟಕಿ ಎನ್ನುತ್ತಾರೆ.

ಕಿಟಕಿ ತೆರೆಯುವಾಗ ನಡೆಯುವ ಕೆಲಸದಲ್ಲಿ ಮೂರು ಬಗೆಯ ಅಣುಗಳನ್ನು ನೀವು ತಿಳಿದುಕೊಂಡರೆ ಸಾಕು.

ಒಂದು, ಮ್ಯೂಸಿನ್. ಮ್ಯೂಕ್-1 ಎಂಬ ಸಕ್ಕರೆಸರ ಹೊದ್ದ ಉದ್ದನೆಯ ಪ್ರೋಟೀನು ಒಳಮೈ ಕೋಶಗಳ ಮೇಲೆ ಎತ್ತರವಾಗಿ ನಿಂತಿರುತ್ತದೆ. ಅದು ಕೋಶದಿಂದ ನೂರಾರು ನ್ಯಾನೋಮೀಟರ್ ಮೇಲಕ್ಕೆ ಚಾಚಿದರೆ, ಅಂಟಿಸುವ ಇಂಟೆಗ್ರಿನ್‌ಗಳ ಎತ್ತರ ಸುಮಾರು 20 ನ್ಯಾನೋಮೀಟರ್ ಅಷ್ಟೆ. ಆಳೆತ್ತರ ಬೆಳೆದ ಜೋಳದ ಹೊಲದಲ್ಲಿ ನೆಲಕ್ಕೆ ಹರಡಿದ ಬಳ್ಳಿ ಹೊರಗಿನಿಂದ ಕಾಣದಂತೆ, ಮ್ಯೂಸಿನ್ ಇರುವ ಕಡೆ ಇಂಟೆಗ್ರಿನ್ ಇದ್ದರೂ ಭ್ರೂಣಕ್ಕೆ ಎಟುಕುವುದಿಲ್ಲ. ಇಲಿಗಳಲ್ಲಿ ಈ ಮ್ಯೂಸಿನ್ ಸಮಯಕ್ಕೆ ಸರಿಯಾಗಿ ಎಲ್ಲ ಕಡೆಯೂ ಇಳಿದುಹೋಗುತ್ತದೆ. ಮನುಷ್ಯರಲ್ಲಿ ಹಾಗಲ್ಲ, ಪದರವನ್ನು ಗರ್ಭಕ್ಕೆ ಸಿದ್ಧಪಡಿಸುವ ಪ್ರೊಜೆಸ್ಟರಾನ್ ಹಾರ್ಮೋನು ಏರಿದಾಗ ಅದು ಇನ್ನೂ ಹೆಚ್ಚುತ್ತದೆ. ಆದರೆ 2001ರಲ್ಲಿ ಸ್ಪೇನಿನ ಸಂಶೋಧಕರು ತಟ್ಟೆಯಲ್ಲಿ ಬೆಳೆಸಿದ ಒಳಪದರದ ಕೋಶಗಳ ಮೇಲೆ ಬ್ಲಾಸ್ಟೋಸಿಸ್ಟ್ ಇಟ್ಟು ನೋಡಿದಾಗ, ಭ್ರೂಣ ಅಂಟಿದ ಜಾಗದಲ್ಲಿ ಮಾತ್ರ ಮ್ಯೂಸಿನ್ ಇಲ್ಲವಾಗಿತ್ತು. ಅಂದರೆ ಭ್ರೂಣ ತನಗೆ ಬೇಕಾದಷ್ಟು ಜಾಗವನ್ನು ತಾನೇ ಬಿಡಿಸಿಕೊಂಡಿತ್ತು. ಇದನ್ನು ಮೊದಲ ಸಲ ಓದಿದ ದಿನ ನನಗಾದ ಬೆರಗು ಇನ್ನೂ ನೆನಪಿದೆ.

ಎರಡು, ಸೆಲೆಕ್ಟಿನ್. ರಕ್ತನಾಳದಲ್ಲಿ ವೇಗವಾಗಿ ಹೋಗುತ್ತಿರುವ ಬಿಳಿ ರಕ್ತಕಣ ಗಾಯದ ಹತ್ತಿರ ಬಂದಾಗ ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗುವುದು ಎಲ್-ಸೆಲೆಕ್ಟಿನ್ ಎಂಬ ಅಣುವಿನ ನೆರವಿನಿಂದ. ಅದು ಸಕ್ಕರೆಯ ಸರಗಳನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಸೂಸನ್ ಫಿಶರ್ ಅವರ ತಂಡ ಇದೇ ಎಲ್-ಸೆಲೆಕ್ಟಿನ್ ಮನುಷ್ಯ ಭ್ರೂಣದ ಹೊರಮೈಯಲ್ಲೂ ಇದೆಯೆಂದೂ, ಅದು ಹಿಡಿಯುವ ಸಕ್ಕರೆಸರಗಳು ಕಿಟಕಿ ತೆರೆಯುವ ಹೊತ್ತಿಗೆ ಒಳಪದರದ ಮೇಲೆ ಹೆಚ್ಚುತ್ತವೆಯೆಂದೂ ತೋರಿಸಿತು. ಗದ್ದೆಯ ಬದುವಿನಲ್ಲಿ ನಡೆದರೆ ಉತ್ತರಾಣಿ ಬೀಜ ಸೀರೆಯ ಅಂಚಿಗೆ ಕಚ್ಚಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಆ ಹಿಡಿತ ಗಟ್ಟಿಯಾದದ್ದಲ್ಲ, ಕೈಯಿಂದ ಸವರಿದರೆ ಬಿಡುತ್ತದೆ, ಆದರೆ ನಡಿಗೆಗೆ ಉದುರುವುದಿಲ್ಲ. ಭ್ರೂಣದ ಮೊದಲ ಹಿಡಿತ ಆ ಬಗೆಯದು.

ಮೂರು, ಇಂಟೆಗ್ರಿನ್. ಇದು ಗಟ್ಟಿ ಹಿಡಿತ. ಆಲ್ಫಾ ಮತ್ತು ಬೀಟಾ ಎಂಬ ಎರಡು ಸರಪಣಿ ಜೋಡಿಯಾಗಿ ಒಂದು ಇಂಟೆಗ್ರಿನ್ ಆಗುತ್ತದೆ. ಮನುಷ್ಯರಲ್ಲಿ 18 ಆಲ್ಫಾಗಳು ಮತ್ತು 8 ಬೀಟಾಗಳು ಸೇರಿ 24 ಬಗೆಯ ಜೋಡಿಗಳಾಗುತ್ತವೆ. ಅದರ ಒಂದು ತುದಿ ಕೋಶದ ಹೊರಗಿನ ಪ್ರೋಟೀನನ್ನು ಹಿಡಿದರೆ ಇನ್ನೊಂದು ತುದಿ ಕೋಶದೊಳಗಿನ ಹಂದರಕ್ಕೆ ಕಟ್ಟಿಕೊಂಡಿರುತ್ತದೆ, ಹಿಡಿದದ್ದರ ಸುದ್ದಿಯನ್ನು ಒಳಕ್ಕೂ ಮುಟ್ಟಿಸುತ್ತದೆ. ಅಮೆರಿಕದ ಬ್ರೂಸ್ ಲೆಸ್ಸಿ ಮತ್ತು ಸಂಗಡಿಗರು 1992ರಲ್ಲಿ ಮುಟ್ಟಿನ ಚಕ್ರದ ಬೇರೆ ಬೇರೆ ದಿನಗಳ ಒಳಪದರವನ್ನು ಪರೀಕ್ಷಿಸಿದಾಗ, ಆಲ್ಫಾ-ವಿ ಬೀಟಾ-3 ಎಂಬ ಜೋಡಿ 28 ದಿನಗಳ ಚಕ್ರದಲ್ಲಿ 20ನೆಯ ದಿನದ ಸುಮಾರಿಗೆ, ಎಂದರೆ ಅಂಡ ಬಿಡುಗಡೆಯಾದ ಆರನೆಯ ದಿನಕ್ಕೆ, ಹಠಾತ್ತನೆ ಕಾಣಿಸಿಕೊಂಡಿತು. ಆಸ್ಟಿಯೊಪಾಂಟಿನ್ ಎಂಬ ಪ್ರೋಟೀನು ಇದಕ್ಕೆ ಜೊತೆಗಾರ. ಆ ಪ್ರೋಟೀನಿನಲ್ಲಿ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟೇಟ್ ಎಂಬ ಮೂರು ಅಮೈನೋ ಆಮ್ಲಗಳು ಸಾಲಾಗಿ ನಿಂತ ಜಾಗವೇ ಇಂಟೆಗ್ರಿನ್ ಕೈಹಾಕುವ ಹಿಡಿಕೆ.

ಈಗ ನನ್ನ ಪ್ರಶ್ನೆ. ನಿಮ್ಮ ಬಯಾಪ್ಸಿಯನ್ನು ಯಾವ ದಿನ ತೆಗೆದರು? ಮುಟ್ಟಿನ ಎಷ್ಟನೆಯ ದಿನ ಎಂಬುದು ಸಾಲದು, ಅಂಡ ಬಿಡುಗಡೆಯಾದ ಎಷ್ಟನೆಯ ದಿನ ಎಂಬುದು ಬೇಕು.

ಪೆಟ್ರಿ ತಟ್ಟೆ ಬರೆದಿದ್ದಾರೆ:

ಸೂಕ್ಷ್ಮದರ್ಶಿ ಮೇಡಂ ಹೇಳಿದ್ದಕ್ಕೆ ಪ್ರಯೋಗಾಲಯದಿಂದ ಒಂದೆರಡು ಮಾತು ಸೇರಿಸುತ್ತೇನೆ. ಹುಬ್ಬಳ್ಳಿಯಲ್ಲಿ ಭ್ರೂಣಗಳನ್ನು ನೋಡಿಕೊಳ್ಳುವ ಕೆಲಸ ನನ್ನದು.

ಭ್ರೂಣ ಮೊದಲ ಐದು ದಿನ ಜೋನಾ ಎಂಬ ಪಾರದರ್ಶಕ ಕವಚದೊಳಗೆ ಇರುತ್ತದೆ. ಆ ಕವಚ ಇರುವವರೆಗೂ ಅದು ಗಾಜಿನ ನಳಿಕೆಯಲ್ಲಿ ಗೋಲಿಯಂತೆ ಸಲೀಸಾಗಿ ಹೋಗುತ್ತದೆ, ಬರುತ್ತದೆ. ಕವಚ ಬಿರಿದು ಭ್ರೂಣ ಹೊರಬಂದ ಮೇಲೆ ಅದೇ ಭ್ರೂಣ ನಳಿಕೆಯ ಗೋಡೆಗೆ, ತಟ್ಟೆಯ ತಳಕ್ಕೆ ಹತ್ತಿಕೊಳ್ಳಲು ಹೊರಡುತ್ತದೆ. ಹಾಗೆ ಹತ್ತದಿರಲೆಂದು ನಾವು ದ್ರವದಲ್ಲಿ ಪ್ರೋಟೀನು ಇರುವಂತೆ ನೋಡಿಕೊಂಡು, ಕೈಯನ್ನು ಬಹಳ ಹಗುರವಾಗಿ ಆಡಿಸಬೇಕಾಗುತ್ತದೆ. ಕವಚ ಬಿಟ್ಟ ಒಂದು ಬ್ಲಾಸ್ಟೋಸಿಸ್ಟ್ ತಟ್ಟೆಯ ಮೂಲೆಯಲ್ಲಿ ಕಚ್ಚಿಕೊಂಡು ಕುಳಿತದ್ದನ್ನು ಕಂಡಾಗಲೆಲ್ಲ, ಅಂಟುವುದು ತಾಯಿಯೊಬ್ಬಳ ಕೆಲಸವಲ್ಲ ಎಂಬ ಮಾತು ನನಗೆ ಕಣ್ಣೆದುರೇ ಕಾಣುತ್ತದೆ. ಕವಚ ಬಿಡುವ ಈ ಕ್ರಿಯೆಯ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಹ್ಯಾಮ್‌ಸ್ಟರ್ ಭ್ರೂಣಗಳ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಹ್ಯಾಮ್‌ಸ್ಟರ್ ಭ್ರೂಣ ತಾನೇ ಕೆಥೆಪ್ಸಿನ್ ಎಂಬ ಕಿಣ್ವಗಳನ್ನು ಬಿಟ್ಟು ಕವಚವನ್ನು ಕರಗಿಸಿಕೊಳ್ಳುತ್ತದೆಂದು ಅಲ್ಲಿ ಕಂಡುಕೊಂಡರು.

ಇನ್ನು ತುಂಗೆಯ ದಡ ಅವರ ಅತ್ತೆಯವರ ಆತಂಕಕ್ಕೆ ಉತ್ತರ. ಗರ್ಭಕೋಶದ ಒಳಗೆ ಚೀಲದಂತೆ ಖಾಲಿ ಜಾಗ ಇರುವುದಿಲ್ಲ. ಒದ್ದೆಯಾದ ಎರಡು ಬಾಳೆ ಎಲೆಗಳನ್ನು ಒಂದರ ಮೇಲೊಂದು ಇಟ್ಟಂತೆ ಮುಂದಿನ ಗೋಡೆ ಮತ್ತು ಹಿಂದಿನ ಗೋಡೆ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಭ್ರೂಣ ಆ ಎರಡು ಎಲೆಗಳ ನಡುವೆ ಇರುವ, ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದಾದ ಒಂದು ಕಣ. ಮೆಟ್ಟಿಲು ಹತ್ತಿದರೆ ಅದು ಜಾರುವುದಿಲ್ಲ. ವರ್ಗಾವಣೆಯ, ಎಂದರೆ ಭ್ರೂಣವನ್ನು ಒಳಗಿಟ್ಟ, ನಂತರ ದಿನಗಟ್ಟಲೆ ಮಲಗಿದ್ದರೆ ಗರ್ಭ ನಿಲ್ಲುವ ಸಂಭವ ಹೆಚ್ಚುತ್ತದೆ ಎಂಬುದಕ್ಕೂ ಆಧಾರವಿಲ್ಲ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ಎಂ.ಎಸ್ಸಿ. ಬೆಂಚು ಬರೆದಿದ್ದಾರೆ:

ನಾನು ಜೀವರಸಾಯನಶಾಸ್ತ್ರದ ವಿದ್ಯಾರ್ಥಿ. ಸೂಕ್ಷ್ಮದರ್ಶಿ ಮೇಡಂ ಅವರಲ್ಲಿ ಒಂದು ಸಂದೇಹ ಕೇಳಬೇಕಾಗಿದೆ. ಬೀಟಾ-3 ಇಂಟೆಗ್ರಿನ್‌ನ ಜೀನನ್ನೇ ತೆಗೆದುಹಾಕಿದ ಇಲಿಗಳ ಬಗ್ಗೆ ನಮಗೆ ಪಾಠವಿದೆ. ಅವುಗಳಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಇತ್ತು, ಜರಾಯುವಿನಲ್ಲೂ ದೋಷಗಳಿದ್ದವು, ಆದರೂ ಅವು ಮರಿ ಹಾಕಿದವು. ಎಲ್-ಸೆಲೆಕ್ಟಿನ್ ಇಲ್ಲದ ಇಲಿಗಳೂ ಮರಿ ಹಾಕುತ್ತವೆ. ಹಾಗಿದ್ದರೆ ಈ ಅಣುಗಳು ಅಗತ್ಯವೆಂದು ಹೇಳುವುದು ಹೇಗೆ? ಅದು ಇಲ್ಲದಿದ್ದರೆ ಗರ್ಭವೇ ನಿಲ್ಲದು ಎನ್ನುವಂಥ ಅಣು ನಿಜವಾಗಿಯೂ ಯಾವುದಾದರೂ ಇದೆಯೆ?

ಸೂಕ್ಷ್ಮದರ್ಶಿ ಬರೆದಿದ್ದಾರೆ:

ಒಳ್ಳೆಯ ಪ್ರಶ್ನೆ, ಮತ್ತು ತುಂಗೆಯ ದಡ ಅವರ ವರದಿಗೂ ಇದಕ್ಕೂ ನೇರ ಸಂಬಂಧವಿದೆ.

ಅಂಥ ಅಣು ಇದೆ. 1992ರಲ್ಲಿ ಕಾಲಿನ್ ಸ್ಟೂವರ್ಟ್ ಅವರ ತಂಡ ಲಿಫ್ ಎಂಬ ಸಂಕೇತ ಪ್ರೋಟೀನು ಇಲ್ಲದ ಹೆಣ್ಣಿಲಿಗಳನ್ನು ಬೆಳೆಸಿತು. ಅವುಗಳಲ್ಲಿ ಭ್ರೂಣಗಳು ಆರೋಗ್ಯವಾಗಿಯೇ ರೂಪುಗೊಂಡವು, ಗರ್ಭಕೋಶಕ್ಕೂ ಬಂದವು, ಆದರೆ ಒಂದೂ ನಾಟಲಿಲ್ಲ. ಅದೇ ಭ್ರೂಣಗಳನ್ನು ಎತ್ತಿ ಲಿಫ್ ಇರುವ ಬೇರೆ ಇಲಿಯ ಗರ್ಭಕೋಶಕ್ಕೆ ಇಟ್ಟಾಗ ನಾಟಿದವು. ದೋಷ ಬೀಜದಲ್ಲಿ ಇರಲಿಲ್ಲ, ನೆಲದಲ್ಲಿ ಇತ್ತು ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ. ಆದರೆ ಗಮನಿಸಿ: ಲಿಫ್ ಅಂಟಿಸುವ ಅಣುವಲ್ಲ, ಪದರಕ್ಕೆ 'ಈಗ ಸಿದ್ಧವಾಗು' ಎಂದು ತಿಳಿಸುವ ಅಣು. ತಿಳಿಸುವವನೇ ಇಲ್ಲದಿದ್ದರೆ ಎಲ್ಲ ಕೆಲಸವೂ ನಿಲ್ಲುತ್ತದೆ. ಕೆಲಸಗಾರರಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬ ಆ ಕೆಲಸವನ್ನು ಹೊರುತ್ತಾನೆ. ಒಳಪದರದಲ್ಲಿ ಆಲ್ಫಾ-1 ಬೀಟಾ-1, ಆಲ್ಫಾ-4 ಬೀಟಾ-1 ಮುಂತಾದ ಬೇರೆ ಇಂಟೆಗ್ರಿನ್‌ಗಳೂ ಇವೆ. ಅವಲ್ಲದೆ ಅಂಟಿಸುವ ಬೇರೆ ಅಣುಗಳಾದ ಸಿಡಿ-44 ಇದೆ, ಟ್ರೋಫಿನಿನ್ ಇದೆ. ಒಂದೇ ಕೊಂಡಿಯ ಮೇಲೆ ಮುಂದಿನ ಪೀಳಿಗೆಯನ್ನು ತೂಗುಹಾಕುವಷ್ಟು ಅವಸರದ ಏರ್ಪಾಡು ಇದಲ್ಲ.

ಹಾಗೆಂದು ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಒಪ್ಪಿಸಲೂ ಆಗದು. ಇಲಿಯ ಭ್ರೂಣ, ಮುಂದೆ ಮರಿಯಾಗಿ ಬೆಳೆಯುವ ಒಳಜೀವಕೋಶಗಳ ರಾಶಿಗೆ ಎದುರಿನ ಪಕ್ಕದಿಂದ ಅಂಟುತ್ತದೆ, ಮನುಷ್ಯ ಭ್ರೂಣ ಆ ರಾಶಿ ಇರುವ ಪಕ್ಕದಿಂದಲೇ ಅಂಟುತ್ತದೆ. ಇಲಿಯಲ್ಲಿ ನಾಟುವ ಹೊತ್ತಿಗೆ ಈಸ್ಟ್ರೋಜನ್‌ನ ಒಂದು ಸಣ್ಣ ಏರಿಕೆ ಬೇಕೇ ಬೇಕು, ಹ್ಯಾಮ್‌ಸ್ಟರ್‌ನಲ್ಲಿ ಅದು ಬೇಡ. ಮನುಷ್ಯ ಭ್ರೂಣ ನಾಟುವ ಆ ಕ್ಷಣವನ್ನು ಹೆಂಗಸಿನ ದೇಹದೊಳಗೆ ಯಾರೂ ಕಂಡಿಲ್ಲ. ಬಾಸ್ಟನ್ನಿನ ಆರ್ಥರ್ ಹರ್ಟಿಗ್ ಮತ್ತು ಜಾನ್ ರಾಕ್ ಅವರು ವರ್ಷಗಟ್ಟಲೆ ದುಡಿದು, ಗರ್ಭಕೋಶ ತೆಗೆಸಿಕೊಂಡ 210 ಹೆಂಗಸರಿಂದ ಮೊದಲ 17 ದಿನಗಳ 34 ಭ್ರೂಣಗಳನ್ನು ಪಡೆದರು. 1956ರಲ್ಲಿ ಪ್ರಕಟವಾದ ಆ ಸಂಗ್ರಹದಲ್ಲಿಯೂ ನಾಟಿದ ಭ್ರೂಣಗಳೆಲ್ಲ ಆಗಲೇ ಪದರದೊಳಕ್ಕೆ ಇಳಿದಿದ್ದವು. 2022ರಲ್ಲಿ ಕಾಂಡಕೋಶಗಳಿಂದ ಮಾಡಿದ ಬ್ಲಾಸ್ಟಾಯ್ಡ್ ಎಂಬ ಭ್ರೂಣದ ಮಾದರಿಗಳನ್ನು ಒಳಪದರದ ಕೋಶಗಳ ಮೇಲೆ ಇಟ್ಟು ನೋಡಿದರು. ಹಾರ್ಮೋನು ಕೊಟ್ಟು ಸಿದ್ಧಪಡಿಸಿದ ಪದರಕ್ಕೆ ಅವು ಅಂಟಿದವು, ಕೊಡದ ಪದರಕ್ಕೆ ಅಂಟಲಿಲ್ಲ, ಅಂಟಿದಾಗಲೂ ಒಳಕೋಶಗಳ ರಾಶಿಯ ಪಕ್ಕದಿಂದಲೇ ಅಂಟಿದವು.

ಮಲ್ಲಿಗೆ ಹಂಬು ಬರೆದಿದ್ದಾರೆ:

ತುಂಗೆಯ ದಡ ತಂಗಿ, ವಿಜ್ಞಾನ ನನಗೆ ಇಷ್ಟೆಲ್ಲ ತಿಳಿಯದು, ನನ್ನ ಅನುಭವ ಹೇಳುತ್ತೇನೆ. ನನಗೂ ಎರಡು ಸಲ ನಿಂತಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಕ್ಷಯಕ್ಕೆ ಆರು ತಿಂಗಳು ಮಾತ್ರೆ ತಿಂದಿದ್ದೆ, ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೂರನೆಯ ವೈದ್ಯೆ ಹಳೆಯ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಕೇಳಿ, ಡೈ ಹಾಕಿ ಎಕ್ಸ್-ರೇ ತೆಗೆಸಿದರು. ಗರ್ಭಕೋಶಕ್ಕೆ ಸೇರುವ ಎರಡೂ ಅಂಡನಳಿಕೆಗಳ ತುದಿ ಮುಚ್ಚಿಹೋಗಿ ನೀರು ತುಂಬಿಕೊಂಡು ಸಣ್ಣ ಬಲೂನಿನಂತಾಗಿದ್ದವು. ಆ ನೀರು ಹಿಂದಕ್ಕೆ ಗರ್ಭಕೋಶಕ್ಕೆ ಇಳಿಯುತ್ತದೆ, ಮೊದಲು ಅದನ್ನು ಸರಿಮಾಡೋಣ ಎಂದರು. ಲ್ಯಾಪರೋಸ್ಕೋಪಿಯಲ್ಲಿ ನಳಿಕೆ ತೆಗೆದರು. ನಾಲ್ಕು ತಿಂಗಳ ಮೇಲೆ ಇಟ್ಟ ಭ್ರೂಣ ನಿಂತಿತು, ಮಗಳು ಈಗ ಒಂದನೇ ತರಗತಿ. ನಳಿಕೆಯ ಪರೀಕ್ಷೆ ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಸೂಕ್ಷ್ಮದರ್ಶಿ ಬರೆದಿದ್ದಾರೆ:

ಮಲ್ಲಿಗೆ ಹಂಬು ಅವರು ಹೇಳಿದ್ದು ಇಲ್ಲಿನ ವಿಷಯಕ್ಕೆ ಬಹಳ ಹತ್ತಿರದ್ದು. ನಳಿಕೆಯಲ್ಲಿ ನೀರು ತುಂಬಿದ ಹೆಂಗಸರ ಒಳಪದರದಲ್ಲಿ ಆಲ್ಫಾ-ವಿ ಬೀಟಾ-3 ಕಡಿಮೆ ಇರುವುದನ್ನೂ, ನಳಿಕೆಯನ್ನು ಸರಿಪಡಿಸಿದ ಮೇಲೆ ಹಲವರಲ್ಲಿ ಅದು ಮರಳಿ ಕಾಣಿಸಿದ್ದನ್ನೂ ಲೆಸ್ಸಿ ಅವರ ಸಂಗಡಿಗರು 1997ರಲ್ಲಿಯೇ ವರದಿ ಮಾಡಿದ್ದಾರೆ. ಹೀಗಾಗಿ ಇಂಟೆಗ್ರಿನ್ ಇಲ್ಲದಿರುವುದನ್ನು ಒಂದು ಕಾಯಿಲೆ ಎಂದು ನೋಡುವುದಕ್ಕಿಂತ, ಬೇರೆಲ್ಲೋ ಇರುವ ತೊಂದರೆಯ ಕುರುಹು ಎಂದು ನೋಡುವುದು ಸರಿ ಎಂದು ನನಗೆ ಅನಿಸುತ್ತದೆ. ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುವವರಲ್ಲಿಯೂ ಇದು ಕಡಿಮೆಯಿರುವುದನ್ನು ಕಂಡಿದ್ದಾರೆ. ಅಲ್ಲಿ ಪದರ ಪ್ರೊಜೆಸ್ಟರಾನ್‌ನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯ ನಳಿಕೆಗಳನ್ನೂ ಒಳಪದರವನ್ನೂ ಸದ್ದಿಲ್ಲದೆ ಕೆಡಿಸುವ ಕಾಯಿಲೆ, ಅದನ್ನು ಕೇಳದೆ ಇರಬಾರದು.

ತುಂಗೆಯ ದಡ ಬರೆದಿದ್ದಾರೆ:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಮಲ್ಲಿಗೆ ಹಂಬು ಅಕ್ಕ, ನಿಮ್ಮ ಮಗಳ ವಿಷಯ ಓದಿ ಕಣ್ಣು ತುಂಬಿ ಬಂತು. ನನಗೆ ಕ್ಷಯ ಬಂದಿಲ್ಲ. ನಳಿಕೆಯ ಎಕ್ಸ್-ರೇ ಮದುವೆಯಾದ ಮೂರನೆಯ ವರ್ಷ ಆಗಿತ್ತು, ಆಗ ಸರಿಯಿತ್ತು. ಅದಕ್ಕೆ ಈಗ ಐದು ವರ್ಷವಾಯಿತು.

ಬಯಾಪ್ಸಿಯ ದಿನದ ಬಗ್ಗೆ: ವರದಿಯಲ್ಲಿ 'ಚಕ್ರದ 21ನೆಯ ದಿನ' ಎಂದಿದೆ. ಆ ತಿಂಗಳು ಯಾವ ಹಾರ್ಮೋನು ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಆದರೆ ನನ್ನ ಮುಟ್ಟು 28 ದಿನಕ್ಕೆ ಬರುವುದಲ್ಲ, 33 ದಿನಕ್ಕೋ 34 ದಿನಕ್ಕೋ ಬರುತ್ತದೆ. ಎರಡು ವರ್ಷದ ಹಿಂದೆ ಅಂಡ ಬೆಳೆಯುವುದನ್ನು ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿ ನೋಡಿದಾಗ 19ನೆಯ ದಿನ ಅಂಡ ಬಿಡುಗಡೆಯಾಗಿದೆ ಎಂದು ಬರೆದ ಚೀಟಿ ಈಗಲೂ ಫೈಲಿನಲ್ಲಿದೆ. ಇದು ಮುಖ್ಯವೆ?

ಸೂಕ್ಷ್ಮದರ್ಶಿ ಬರೆದಿದ್ದಾರೆ:

ಬಹಳ ಮುಖ್ಯ. ಲೆಕ್ಕ ಹಾಕಿ ನೋಡಿ. 28 ದಿನಗಳ ಚಕ್ರದಲ್ಲಿ 21ನೆಯ ದಿನ ಎಂದರೆ ಅಂಡ ಬಿಡುಗಡೆಯಾದ ಏಳನೆಯ ದಿನ. ಆಗ ಇಂಟೆಗ್ರಿನ್ ಇರಬೇಕಾದದ್ದೇ. ಬಯಾಪ್ಸಿ ತೆಗೆದ ತಿಂಗಳಲ್ಲಿಯೂ ನಿಮಗೆ 19ನೆಯ ದಿನವೇ ಬಿಡುಗಡೆಯಾಗಿದ್ದರೆ, ನಿಮ್ಮ 21ನೆಯ ದಿನ ಎಂದರೆ ಬಿಡುಗಡೆಯ ಎರಡನೆಯ ದಿನ. ಆ ದಿನ ಯಾವ ಆರೋಗ್ಯವಂತ ಹೆಂಗಸಿನ ಒಳಪದರದಲ್ಲೂ ಆಲ್ಫಾ-ವಿ ಬೀಟಾ-3 ಕಾಣಿಸುವುದಿಲ್ಲ. ಅದು ಬರಬೇಕಾದರೆ ಇನ್ನೂ ನಾಲ್ಕು ದಿನ ಕಾಯಬೇಕಿತ್ತು. ಪ್ರೊಜೆಸ್ಟರಾನ್ ಕೆಲವು ದಿನ ಕೆಲಸಮಾಡಿ, ಒಳಮೈ ಕೋಶಗಳಲ್ಲಿ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳೇ ಕಡಿಮೆಯಾದ ಮೇಲೆ ಈ ಇಂಟೆಗ್ರಿನ್ ತಲೆಯೆತ್ತುತ್ತದೆ.

ಲೆಸ್ಸಿಯವರು ತೊಂಬತ್ತರ ದಶಕದಲ್ಲಿಯೇ ಇದನ್ನು ಎರಡು ಬಗೆಯಾಗಿ ಬೇರ್ಪಡಿಸಿದರು. ಪದರದ ಬೆಳವಣಿಗೆಯೇ ದಿನಕ್ಕೆ ಹಿಂದೆ ಬಿದ್ದು, ಅದರಿಂದಾಗಿ ಇಂಟೆಗ್ರಿನ್ ಕಾಣದಿದ್ದರೆ ಮೊದಲನೆಯ ಬಗೆ. ಪದರ ದಿನಕ್ಕೆ ಸರಿಯಾಗಿ ಬೆಳೆದಿದ್ದರೂ ಇಂಟೆಗ್ರಿನ್ ಮಾತ್ರ ಇಲ್ಲದಿದ್ದರೆ ಎರಡನೆಯ ಬಗೆ. ಯೋಚಿಸಬೇಕಾದದ್ದು ಎರಡನೆಯದರ ಬಗ್ಗೆ. ನಿಮ್ಮದು ಈ ಎರಡೂ ಅಲ್ಲದೆ, ಬರೀ ಬಹಳ ಮುಂಚೆ ತೆಗೆದ ಚೂರು ಆಗಿರುವ ಸಾಧ್ಯತೆಯೇ ಹೆಚ್ಚು.

ಇದನ್ನು ಪರಿಶೀಲಿಸುವ ದಾರಿ ನಿಮ್ಮ ಕೈಯಲ್ಲೇ ಇದೆ. ವರದಿಯ ಎರಡನೆಯ ಪುಟದಲ್ಲಿ ಸಾಮಾನ್ಯ ಬಣ್ಣ ಹಾಕಿ ನೋಡಿದ ಪದರದ ವಿವರಣೆ ಇರುತ್ತದೆ, ಅದನ್ನು ಹುಡುಕಿ ಓದಿ. ಬಿಡುಗಡೆಯಾದ ಎರಡು ಮೂರು ದಿನಕ್ಕೆ ಗ್ರಂಥಿಕೋಶಗಳಲ್ಲಿ ಕೋಶಬೀಜದ ಕೆಳಗೆ ತಿಳಿಯಾದ ಗುಳ್ಳೆಗಳು ಸಾಲಾಗಿ ಕಾಣತೊಡಗುತ್ತವೆ, ಕೋಶಬೀಜಗಳು ಮೇಲಕ್ಕೆ ಸರಿದು ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಪಿಯಾನೋ ಕೀಲಿಗಳ ಸಾಲಿನಂತೆ ಕಾಣುವ ಆ ನೋಟವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಏಳನೆಯ ದಿನದ ಹೊತ್ತಿಗೆ ಆ ಗುಳ್ಳೆಗಳು ಬಹುಮಟ್ಟಿಗೆ ಹೋಗಿ, ಗ್ರಂಥಿಗಳ ಪೊಳ್ಳಿನಲ್ಲಿ ಸ್ರಾವ ತುಂಬಿ, ಸುತ್ತಲಿನ ಅಂಗಾಂಶ ನೀರುಂಡಂತೆ ಉಬ್ಬಿರುತ್ತದೆ. ಕೋಶಬೀಜದ ಕೆಳಗಿನ ಗುಳ್ಳೆಗಳ ಮಾತು ವರದಿಯಲ್ಲಿದ್ದರೆ ನಮ್ಮ ಲೆಕ್ಕ ಸರಿ.

ಇನ್ನೊಂದು ವಿಷಯ. ನಿಮ್ಮ ಎರಡೂ ವರ್ಗಾವಣೆಗಳು ಮಾತ್ರೆ ಕೊಟ್ಟು ಪದರ ಬೆಳೆಸಿದ ತಿಂಗಳಲ್ಲಿ ಆದವೋ ಅಥವಾ ಸಹಜ ಚಕ್ರದಲ್ಲಿ ಆದವೋ?

ತುಂಗೆಯ ದಡ ಬರೆದಿದ್ದಾರೆ:

ಎರಡೂ ಸಲ ಮೊದಲು ಈಸ್ಟ್ರೋಜನ್ ಮಾತ್ರೆ ಕೊಟ್ಟು, ಆಮೇಲೆ ಪ್ರೊಜೆಸ್ಟರಾನ್ ಶುರುಮಾಡಿ, ಅದರ ಆರನೆಯ ದಿನ ಇಟ್ಟರು.

ಪೆಟ್ರಿ ತಟ್ಟೆ ಬರೆದಿದ್ದಾರೆ:

ಹಾಗಿದ್ದರೆ ಆ ಬಯಾಪ್ಸಿಗೂ ನಿಮ್ಮ ವರ್ಗಾವಣೆಗಳಿಗೂ ಹೋಲಿಕೆಯೇ ಇಲ್ಲ. ಮಾತ್ರೆಯ ಚಕ್ರದಲ್ಲಿ ಗಡಿಯಾರ ಓಡಲು ಶುರುವಾಗುವುದು ಪ್ರೊಜೆಸ್ಟರಾನ್ ಕೊಟ್ಟ ದಿನದಿಂದ, ಅಲ್ಲಿ ಅಂಡ ಬಿಡುಗಡೆಯ ದಿನದ ಪ್ರಶ್ನೆ ಬರುವುದಿಲ್ಲ. ಐದು ದಿನದ ಬ್ಲಾಸ್ಟೋಸಿಸ್ಟ್‌ಗೆ ಪ್ರೊಜೆಸ್ಟರಾನ್‌ನ ಆರನೆಯ ದಿನ ಎಂಬುದು ಸಾಮಾನ್ಯವಾಗಿ ಎಲ್ಲ ಕಡೆ ಅನುಸರಿಸುವ ಲೆಕ್ಕವೇ. ಸಹಜ ಚಕ್ರದಲ್ಲಿ, ಅದೂ ಬೇಗ ತೆಗೆದ ಚೂರನ್ನು ನೋಡಿ, ಆ ಎರಡು ತಿಂಗಳುಗಳಲ್ಲಿ ಪದರ ಹೇಗಿತ್ತೆಂದು ಹೇಳಲು ಬರುವುದಿಲ್ಲ.

ಇಂಥ ವರದಿಯ ನಂತರ ನಿಮಗೆ ಬೇರೆ ಬೇರೆ ಹೆಚ್ಚುವರಿ ಪರೀಕ್ಷೆ, ಚಿಕಿತ್ಸೆಗಳ ಮಾತು ಬರಬಹುದು, ಆದ್ದರಿಂದ ಮೊದಲೇ ತಿಳಿದಿರಲಿ. ಒಳಪದರದ ಜೀನ್‌ಗಳನ್ನು ಓದಿ ವರ್ಗಾವಣೆಯ ಗಂಟೆಯನ್ನು ನಿಗದಿಮಾಡುವ ಪರೀಕ್ಷೆಯನ್ನು 767 ಹೆಂಗಸರ ಮೇಲೆ ಅದೃಷ್ಟದ ಚೀಟಿಯಂತೆ ಎರಡು ಗುಂಪು ಮಾಡಿ ನೋಡಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಪರೀಕ್ಷೆಯ ಪ್ರಕಾರ ಸಮಯ ಹೊಂದಿಸಿದವರಲ್ಲಿ ಶೇ. 58.5, ಮಾಮೂಲಿ ಸಮಯಕ್ಕೆ ಇಟ್ಟವರಲ್ಲಿ ಶೇ. 61.9 ಮಂದಿಗೆ ಮಗುವಾಯಿತು. ಎಂದರೆ ಲಾಭ ಕಾಣಲಿಲ್ಲ. ಪದರವನ್ನು ಮೊದಲೇ ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು ಬಹಳ ವರ್ಷ ನಂಬಿದ್ದೆವು. 2019ರಲ್ಲಿ 1,364 ಹೆಂಗಸರ ಅಧ್ಯಯನ ಪ್ರಕಟವಾದಾಗ ಗೀರಿದವರಲ್ಲೂ ಗೀರದವರಲ್ಲೂ ಮಗುವಾದದ್ದು ಶೇ. 26.1. ಶೇಕಡಾ ಒಂದರ ಹತ್ತನೆಯ ಒಂದು ಭಾಗದಷ್ಟೂ ವ್ಯತ್ಯಾಸವಿರಲಿಲ್ಲ. ಆ ನೋವನ್ನು ನಾವೇ ಎಷ್ಟು ಜನರಿಗೆ ಕೊಟ್ಟಿದ್ದೆವು ಎಂದು ಆ ದಿನ ನನಗೆ ಬಹಳ ಬೇಸರವಾಗಿತ್ತು. 'ಭ್ರೂಣದ ಅಂಟು' ಎಂದು ಹೆಸರಿಟ್ಟಿರುವ ದ್ರವದಲ್ಲಿ ಗೋಂದಿನಂಥದೇನೂ ಇಲ್ಲ. ಹಯಲುರೊನನ್ ಎಂಬ, ದೇಹದಲ್ಲಿ ಸಹಜವಾಗಿಯೇ ಇರುವ ಸಕ್ಕರೆಸರ ಹೆಚ್ಚಾಗಿರುತ್ತದೆ, ಅದನ್ನು ಸಿಡಿ-44 ಎಂಬ ಗ್ರಾಹಕ ಹಿಡಿಯುತ್ತದೆ. ಅದರಿಂದ ಸ್ವಲ್ಪ ಮಟ್ಟಿನ ಅನುಕೂಲವಿದೆ ಎಂದು ಅಧ್ಯಯನಗಳ ಒಟ್ಟು ನೋಟ ಹೇಳುತ್ತದೆ, ಆದರೆ ಹೆಸರು ಕೇಳಿದರೆ ಮನಸ್ಸಿಗೆ ಬರುವಷ್ಟಲ್ಲ.

ಕೊನೆಗೆ, ಭ್ರೂಣದ ಮಾತು. ನೋಡಲು ಸುಂದರವಾಗಿರುವ ಬ್ಲಾಸ್ಟೋಸಿಸ್ಟ್‌ನಲ್ಲಿಯೂ ವರ್ಣತಂತುಗಳ ಸಂಖ್ಯೆ ತಪ್ಪಿರಬಹುದು. ಅಂಥ ಭ್ರೂಣಗಳಲ್ಲಿ ಹಲವು ನಾಟುವುದೇ ಇಲ್ಲ, ಇಲ್ಲವೆ ನಾಟಿದ ಮೇಲೆ ಬಿದ್ದುಹೋಗುತ್ತವೆ. ಎರಡು ಸಲ ಆಗದಿದ್ದ ಮಾತ್ರಕ್ಕೆ ನೆಲವನ್ನೇ ದೂರುವಂತಿಲ್ಲ.

ಎಂ.ಎಸ್ಸಿ. ಬೆಂಚು ಬರೆದಿದ್ದಾರೆ:

ಇನ್ನೊಂದೇ ಸಂದೇಹ. ಕಿಟಕಿಯನ್ನು ಬೇಗ ತೆರೆಸಿ ಹೆಚ್ಚು ದಿನ ತೆರೆದಿಟ್ಟರೆ ಎಲ್ಲರಿಗೂ ಅನುಕೂಲವಲ್ಲವೆ? ದೇಹ ಅದನ್ನೇಕೆ ಇಷ್ಟು ಕಿರಿದಾಗಿ ಇಟ್ಟುಕೊಂಡಿದೆ?

ಸೂಕ್ಷ್ಮದರ್ಶಿ ಬರೆದಿದ್ದಾರೆ:

ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಸಹಜವಾಗಿ ಗರ್ಭಧರಿಸಲು ಬಯಸಿದ 221 ಹೆಂಗಸರ ಮೂತ್ರವನ್ನು ದಿನವೂ ಪರೀಕ್ಷಿಸಿ, ಭ್ರೂಣ ಯಾವ ದಿನ ನಾಟಿತೆಂದು ಲೆಕ್ಕಹಾಕಿ 1999ರಲ್ಲಿ ಪ್ರಕಟಿಸಿದರು. ಆರು ವಾರ ದಾಟಿದ ಗರ್ಭಗಳಲ್ಲಿ ಶೇ. 84ರಷ್ಟು, ಅಂಡ ಬಿಡುಗಡೆಯಾದ 8, 9 ಅಥವಾ 10ನೆಯ ದಿನ ನಾಟಿದ್ದವು. 9ನೆಯ ದಿನದೊಳಗೆ ನಾಟಿದವುಗಳಲ್ಲಿ ಶೇ. 13 ಬೇಗನೆ ಬಿದ್ದುಹೋದರೆ, 10ನೆಯ ದಿನ ನಾಟಿದವುಗಳಲ್ಲಿ ಶೇ. 26, 11ನೆಯ ದಿನ ನಾಟಿದವುಗಳಲ್ಲಿ ಶೇ. 52, ಅದಕ್ಕೂ ತಡವಾಗಿ ನಾಟಿದವುಗಳಲ್ಲಿ ಶೇ. 82 ಬಿದ್ದುಹೋದವು. ತಡವಾಗಿ ಬರುವುದು ಎಷ್ಟೋ ಸಲ ದುರ್ಬಲವಾದ ಭ್ರೂಣ. ಬಾಗಿಲನ್ನು ಸಕಾಲಕ್ಕೆ ಮುಚ್ಚುವ ಪದರ ತಾಯಿಯನ್ನು ಕಾಯುತ್ತಿದೆ ಎಂದು ನಾನು ತಿಳಿದಿದ್ದೇನೆ. ಪದೇ ಪದೇ ಗರ್ಭ ಬೀಳುವ ಕೆಲವರಲ್ಲಿ ಪದರ ಅಗತ್ಯಕ್ಕಿಂತ ಹೆಚ್ಚು ಒಪ್ಪಿಕೊಳ್ಳುವಂಥದಾಗಿರಬಹುದು ಎಂಬ ವಾದವೂ ಇದೆ. ಅಂಟುವುದು ಹೆಚ್ಚಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ.

ತುಂಗೆಯ ದಡ ಬರೆದಿದ್ದಾರೆ:

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಗ್ರಂಥಿಕೋಶಗಳಲ್ಲಿ ಕೋಶಬೀಜದ ಕೆಳಗೆ ಗುಳ್ಳೆಗಳು ಆರಂಭವಾಗಿವೆ' ಎಂಬ ಸಾಲು ನಿಜವಾಗಿಯೂ ಇತ್ತು. ಅದನ್ನು ಗುರುತುಮಾಡಿ, 19ನೆಯ ದಿನದ ಹಳೆಯ ಸ್ಕ್ಯಾನ್ ಚೀಟಿಯನ್ನೂ ಜೊತೆಗಿಟ್ಟುಕೊಂಡು ಬೇರೊಬ್ಬ ವೈದ್ಯೆಯ ಬಳಿ ಹೋದೆ. ಅವರು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ, ಇದು ಬಿಡುಗಡೆಯ ಎರಡು ಮೂರನೆಯ ದಿನದ ಪದರ, ಈ ದಿನಕ್ಕೆ ಇಂಟೆಗ್ರಿನ್ ಇಲ್ಲದಿರುವುದೇ ಸಹಜ ಎಂದರು. ಮತ್ತೆ ಬಯಾಪ್ಸಿ ಬೇಡ, ನಳಿಕೆಯ ಪರೀಕ್ಷೆ ಹಳತಾಗಿರುವುದರಿಂದ ಅದನ್ನು ಮಾತ್ರ ಇನ್ನೊಮ್ಮೆ ಮಾಡಿಸೋಣ, ಹಿಸ್ಟರೋಸ್ಕೋಪಿಯಲ್ಲಿ ಒಳಗೆ ಒಮ್ಮೆ ಕಣ್ಣಾರೆ ನೋಡೋಣ, ಉಳಿದಿರುವ ಎರಡು ಭ್ರೂಣಗಳಲ್ಲಿ ಒಂದನ್ನು ಮಾತ್ರ ಇಡೋಣ ಎಂದಿದ್ದಾರೆ.

ಬಾಳೆ ಎಲೆಯ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಆವತ್ತು ನಾನೇ ನಿನ್ನನ್ನು ಮಹಡಿಗೆ ಬಟ್ಟೆ ತರಲು ಕಳಿಸಿದ್ದು ತಪ್ಪಾಗಲಿಲ್ಲವಲ್ಲ' ಎಂದು ಕೇಳಿದರು. ಇಷ್ಟು ದಿನ ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ನಳಿಕೆಯ ಪರೀಕ್ಷೆ ಬರುವ ಬುಧವಾರ, ಅವರೂ ಜೊತೆಗೆ ಬರುತ್ತಾರಂತೆ. ಫಲಿತಾಂಶ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.